ಎರೆ ನೆಲದಲ್ಲಿ ಸಸಿ ಸಾಯುವುದು ತೆಗ್ಗಿನಿಂದ

ರಾಯಚೂರಿನಲ್ಲಿ ರಸ್ತೆ ಬದಿಯ ಸಸಿ ಒಣಗಿದರೆ ಬೈಗುಳ ಟ್ಯಾಂಕರಿನವರಿಗೆ. ಅದನ್ನು ಕಿತ್ತು ನೋಡಿ, ಎಷ್ಟೋ ಸಲ ಬೇರು ಕಪ್ಪಾಗಿ ಕೊಳೆತಿರುತ್ತದೆ. ನೀರು ಕಡಿಮೆಯಾಗಿ ಅಲ್ಲ, ನಿಂತು ಸತ್ತಿದೆ.

ಇಲ್ಲಿನ ಕಪ್ಪು ಎರೆ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಸಸಿಗೆ ತೆಗ್ಗು ತೋಡಲು ಮಳೆಯ ಮರುದಿನವೇ ಜೆಸಿಬಿ ಇಳಿಸಿದರೆ ತೆಗ್ಗಿನ ಗೋಡೆ ಸಾರಿಸಿದಷ್ಟು ನುಣುಪಾಗುತ್ತದೆ. ಒಳಗೆ ಗರಸು, ಗೊಬ್ಬರ ಸುರಿದಿರೋ, ಅದು ಹೂಳಿಟ್ಟ ಕೊಡ: ಇಳಿದ ನೀರು ಹೊರಗೆ ಬಸಿಯುವುದಿಲ್ಲ, ಬೇರೂ ಗೋಡೆ ದಾಟದೆ ಒಳಗೇ ಸುತ್ತುತ್ತದೆ.

ಹಾಗಾಗಿ ಮೇ ತಿಂಗಳಲ್ಲೇ, ಮಣ್ಣು ಒಣಗಿದ್ದಾಗ ತೋಡಿ. 3 ಅಡಿ ಅಗಲ, 2 ಅಡಿ ಆಳ; ಆಳಕ್ಕಿಂತ ಅಗಲ ಮುಖ್ಯ. ಗೋಡೆಯನ್ನು ಹಾರೆಯಿಂದ ಕೆತ್ತಿ ಒರಟು ಮಾಡಿ. ತುಂಬಲು ತೋಡಿದ ಮಣ್ಣೇ 3 ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 1 ಪಾಲು. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಗ್ಯಾರಂಟಿ. ನಾಲ್ಕು ಪುಟ್ಟಿ ಮರಳು ಬೆರೆಸಿದರೆ ಮಣ್ಣು ಸಡಿಲಾಗುತ್ತದೆ ಅನ್ನುವುದು ಭ್ರಮೆ, ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ. (ಗುಡ್ಡದ ಆಸುಪಾಸಿನ ಮಸಾರಿ, ಅಂದರೆ ಕೆಂಪು ನೆಲಕ್ಕೆ ಈ ಲೆಕ್ಕ ಬೇರೆ.)

ಪ್ಲಾಸ್ಟಿಕ್ ಚೀಲವನ್ನು ಸೀಳಿ ಪೂರ್ತಿ ತೆಗೆಯಿರಿ, ತಳದಲ್ಲಿ ಸುರುಳಿಯಾದ ಬೇರು ಕತ್ತರಿಸಿ. ತುಂಬಿದ ಮಣ್ಣು ಕುಸಿಯುವುದರಿಂದ ಸಸಿಯ ಬುಡ ನೆಲಕ್ಕಿಂತ 2 ಬೆರಳು ಮೇಲಿರಲಿ. ನೆಲವೇ ತಗ್ಗಾಗಿ ನೀರು ನಿಲ್ಲುವ ಕಡೆ ಬೇವು ಬೇಡ, ಅದಕ್ಕೆ ಕಾಲು ಹಸಿಯಾಗಿದ್ದರೆ ಆಗುವುದಿಲ್ಲ. ಅಲ್ಲಿ ಹೊಂಗೆ ಅಥವಾ ಹೊಳೆಮತ್ತಿ ಹಾಕಿ.

ಮೊದಲ ಬೇಸಿಗೆಗೆ 5-6 ದಿನಕ್ಕೊಮ್ಮೆ 20 ಲೀಟರ್ ಸಾಕು, ಆದರೆ ನಿಧಾನಕ್ಕೆ. ದಪ್ಪ ಪೈಪಿನಿಂದ ಹತ್ತು ಸೆಕೆಂಡು ಹೊಡೆದರೆ ಅರ್ಧ ರಸ್ತೆಗೆ, ಅರ್ಧ ಬಿರುಕಿನೊಳಗೆ. ಬುಡದಿಂದ ಒಂದಡಿ ದೂರ ಒಂದು ಗೇಣು ಅಗೆದು ಮಣ್ಣು ಹಿಡಿಯಿರಿ, ಉಂಡೆ ಕಟ್ಟಿದರೆ ಅಂದು ನೀರು ಬೇಡ.

ಬಿರುಕು ಎಳೆಬೇರನ್ನು ಹರಿಯುತ್ತದೆ, ಒಳಕ್ಕೆ ಬಿಸಿಗಾಳಿ ನುಗ್ಗುತ್ತದೆ. ಒಣಮಣ್ಣಿನಿಂದ ಮುಚ್ಚಿ ಮೇಲೆ 3 ಇಂಚು ಒಣ ಎಲೆ ಹಾಸಿ. ಎಲೆಗೆ ಬರವಿಲ್ಲ, ಬೆಳಿಗ್ಗೆ ಗುಡಿಸಿ ಬೆಂಕಿ ಇಡುತ್ತಾರಲ್ಲ, ಅದೇ ಸಾಕು. ಕಾಂಡದಿಂದ 4 ಬೆರಳು ದೂರ ಇರಲಿ, ತಾಗಿದರೆ ತೊಗಟೆ ಕೊಳೆಯುತ್ತದೆ.

ಊರುಗೋಲಿಗೆ ತಂತಿ ಬೇಡ, ಸುತಳಿಯನ್ನು ಎಂಟರ ಆಕಾರಕ್ಕೆ ಸಡಿಲಾಗಿ ಕಟ್ಟಿ. ಕಬ್ಬಿಣದ ಗಾರ್ಡ್ ಕಾಂಡಕ್ಕೆ ತಾಗುವ ಮೊದಲೇ ತೆಗೆಯಿರಿ. ಗಾರ್ಡಿನ ಬಳೆ ತೊಗಟೆಯೊಳಗೆ ಹೂತಿದ್ದರೆ ಎಳೆಯದೆ ಎರಡೂ ಕಡೆ ಕತ್ತರಿಸಿ, ಹೂತ ತುಂಡನ್ನು ಹಾಗೇ ಬಿಡಿ.