‘ಟು’ ಎಲ್ಲಿ, ‘ಇಂಗ್’ ಎಲ್ಲಿ: ಚಾಲೂ ಆಗಲೊಲ್ಲದ ಗಾಡಿಯ ಉತ್ತರ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಒಂದು ಮಹಡಿಯ ಮೇಲೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಸರ್, ಯಾವ ಕ್ರಿಯಾಪದಕ್ಕೆ ‘ಟು’ ಹಚ್ಚಬೇಕು, ಯಾವುದಕ್ಕೆ ‘ಇಂಗ್’? ಒಂದು ಪಟ್ಟಿ ಕೊಟ್ಟುಬಿಡಿ.”

ಪಟ್ಟಿ ನನ್ನ ಬಳಿ ಇದೆ. ಕೊಡುವುದಿಲ್ಲ. ಸೋಮವಾರ ಪಟ್ಟಿ ಬಾಯಿಪಾಠ ಒಪ್ಪಿಸಿದವರೇ ಗುರುವಾರ ‘ಐ ಎಂಜಾಯ್ ಟು ಪ್ಲೇ’ ಎಂದು ಬರೆದು ತರುತ್ತಾರೆ.

ನನಗೆ ಉತ್ತರ ಸಿಕ್ಕಿದ್ದು ತಡವಾಗಿ ಬಂದ ಒಬ್ಬ ಹುಡುಗನಿಂದ. ಅಂಗೈ ತುಂಬ ಗ್ರೀಸು, ಅಂಗಿಯೆಲ್ಲ ಬೆವರು. ಏಕೆ ತಡ ಎಂದರೆ, “ಗಾಡಿ ಚಾಲೂ ಆಗಲೊಲ್ಲದು ಸರ್” ಎಂದ. ಅದನ್ನೇ ಹಲಗೆಯ ಮೇಲೆ ಬಿಡಿಸಿ ಬರೆದೆ: ಆಗಲ್, ಒಲ್ಲದು. ಆಗಲು ಒಪ್ಪುತ್ತಿಲ್ಲ ಎಂದು ಅರ್ಥ. ಇಂಗ್ಲಿಷಿನವರೂ ಹೀಗೆಯೇ ‘ದ ಬೈಕ್ ರಿಫ್ಯೂಸಸ್ ಟು ಸ್ಟಾರ್ಟ್’ ಎನ್ನುತ್ತಾರೆ. ದಕ್ಷಿಣದ ಜಿಲ್ಲೆಗಳವರು ‘ಸ್ಟಾರ್ಟ್ ಆಗುತ್ತಿಲ್ಲ’ ಎಂದು ಸುಮ್ಮನಾಗುತ್ತಾರೆ; ನಮ್ಮ ಕಡೆ ಯಂತ್ರಕ್ಕೂ ಹಠವಿದೆ, ಮಳೆಗೂ ಇದೆ. ಈ ವಿಷಯದಲ್ಲಿ ಇಂಗ್ಲಿಷ್ ನಮ್ಮ ಬೀಗರ ಭಾಷೆ.

ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್, ಅಗ್ರೀ, ರಿಫ್ಯೂಸ್ ಇವೆಲ್ಲ ಇನ್ನೂ ಆಗದ ಕೆಲಸದ ಕಡೆ ಮುಖ ಮಾಡಿ ನಿಂತ ಪದಗಳು. ‘ಟು’ ಎಂಬುದರ ಮೂಲ ಅರ್ಥವೇ ‘ಕಡೆಗೆ’. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಬರೆಯಲಿಕ್ಕೆ ಎನ್ನಲು ‘ಟೋ ವ್ರೀಟನ್ನೆ’ ಎನ್ನುತ್ತಿದ್ದರು. ಕೊನೆಯಲ್ಲಿರುವುದು ಚತುರ್ಥಿ ವಿಭಕ್ತಿಯ ಬಾಲ. ನಮ್ಮ ‘ಬರೆಯಲಿಕ್ಕೆ’ಯ ಕೊನೆಯಲ್ಲಿರುವ ‘ಕ್ಕೆ’ ಕೂಡ ಅದೇ ವಿಭಕ್ತಿಯದು. ಅವರ ಬಾಲ ಉದುರಿಹೋಯಿತು, ನಮ್ಮದು ಉಳಿಯಿತು. ಇನ್ನು ಎಂಜಾಯ್, ಫಿನಿಶ್, ಡಿನೈ ಮುಂತಾದವು ನಡೆಯುತ್ತಿರುವ ಅಥವಾ ನಡೆದುಹೋದ ಕೆಲಸವನ್ನು ಹಿಡಿದುಕೊಳ್ಳುತ್ತವೆ. ಕನ್ನಡದಲ್ಲಿ ಅದು ‘ಆಡುವುದನ್ನು’, ‘ಓದುವುದನ್ನು’. ಇವಕ್ಕೆ ‘ಇಂಗ್’ ಸಾಕು.

ಒಂದೇ ಪದ ಎರಡನ್ನೂ ಹಿಡಿಯುವಾಗ ಅಪಾಯ ಹೆಚ್ಚು. ಆಳಂದ ಕಡೆಯ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಅಭ್ಯಾಸಕ್ಕೆಂದು ಬರೆದ ವರದಿಯಲ್ಲಿ ‘ಪೇಷಂಟ್ ಸ್ಟಾಪ್ಡ್ ಟು ಟೇಕ್ ಟ್ಯಾಬ್ಲೆಟ್ಸ್’ ಎಂದಿತ್ತು. ರೋಗಿ ಗುಳಿಗೆ ಬಿಟ್ಟಿದ್ದಾನೆ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಬರೆದದ್ದರ ಅರ್ಥವೋ, ಹೋಗುತ್ತಿದ್ದವನು ಗುಳಿಗೆ ನುಂಗಲು ನಿಂತ ಎಂದು. ಬಿಟ್ಟವನಿಗೆ ‘ಸ್ಟಾಪ್ಡ್ ಟೇಕಿಂಗ್’ ಬೇಕು. ‘ಚಹಾ ಕುಡಿಯಲು ನಿಂತ’, ‘ಚಹಾ ಕುಡಿಯುವುದನ್ನು ನಿಲ್ಲಿಸಿದ’ ಎಂದು ಅವಳಿಗೇ ಹೇಳಿಸಿದೆ. ಕನ್ನಡದಲ್ಲಿ ಒಮ್ಮೆಯೂ ತಪ್ಪಲಿಲ್ಲ. ‘ರಿಮೆಂಬರ್’ ಕೂಡ ಇದೇ ಜಾತಿ: ‘ಟು ಲಾಕ್’ ಎಂದರೆ ಬೀಗ ಹಾಕಲು ಮರೆಯಬೇಡ, ‘ಲಾಕಿಂಗ್’ ಎಂದರೆ ಹಾಕಿದ್ದು ನೆನಪಿದೆ.

ಹಾಗೆಂದು ಕನ್ನಡವನ್ನು ಕಣ್ಣು ಮುಚ್ಚಿ ನಂಬಿದರೆ ಹಳ್ಳಕ್ಕೆ ಬೀಳುತ್ತೀರಿ. ‘ನೀನು ಬರಬೇಕೆಂದು ನನ್ನ ಆಸೆ’ ಎಂಬುದರಲ್ಲಿ ‘ಎಂದು’ ಇದೆಯೆಂದು ‘ಐ ವಾಂಟ್ ದ್ಯಾಟ್ ಯು ಕಮ್’ ಎನ್ನುವಂತಿಲ್ಲ. ‘ಐ ವಾಂಟ್ ಯು ಟು ಕಮ್’ ಎನ್ನಬೇಕು. ‘ಹೋಗಲು ಬಿಡಿ’ ಎಂಬುದನ್ನು ನೆಚ್ಚಿಕೊಂಡು ‘ಲೆಟ್ ಮಿ ಟು ಗೋ’ ಎನ್ನುವವರಂತೂ ಪ್ರತಿ ತಂಡದಲ್ಲೂ ಇದ್ದಾರೆ. ಲೆಟ್‌ಗೆ ‘ಟು’ ಇಲ್ಲ, ಅದೇ ಅರ್ಥದ ಅಲೌಗೆ ಇದೆ. ಮೇಕ್‌ಗೆ ಮಾತ್ರ ಕನ್ನಡ ಚೆನ್ನಾಗಿ ನೆರವಾಗುತ್ತದೆ. ‘ನನ್ನನ್ನು ಎರಡು ತಾಸು ಕಾಯಿಸಿದರು’ ಎನ್ನುತ್ತೇವೆ. ಕಾಯು ಮತ್ತು ‘ಇಸು’ ಅಂಟಿಕೊಂಡೇ ಇವೆ, ನಡುವೆ ಏನನ್ನೂ ತುರುಕಲು ಜಾಗವಿಲ್ಲ. ‘ದೇ ಮೇಡ್ ಮಿ ವೇಟ್’ ಎಂಬುದರಲ್ಲೂ ಇಲ್ಲ. ವಾಕ್ಯವನ್ನು ಕರ್ಮಣಿಗೆ ತಿರುಗಿಸಿದರೆ ಮಾತ್ರ ‘ಐ ವಾಸ್ ಮೇಡ್ ಟು ವೇಟ್’ ಆಗಿ ‘ಟು’ ಮರಳುತ್ತದೆ.

ಹೆಲ್ಪ್‌ಗೆ ‘ಟು’ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬಿಗಿನ್, ಸ್ಟಾರ್ಟ್, ಕಂಟಿನ್ಯೂ ಎರಡಕ್ಕೂ ಒಗ್ಗುತ್ತವೆ, ಅರ್ಥ ಅಷ್ಟಾಗಿ ಬದಲಾಗುವುದಿಲ್ಲ, ಅವುಗಳಿಗಾಗಿ ನಿದ್ದೆಗೆಡಬೇಡಿ. ಅರ್ಜಿಗಳ ಕೊನೆಯಲ್ಲಿ ಬರೆಯುವ ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’ ಎಂಬುದರ ‘ಟು’ ಬೇರೆಯೇ ಜಾತಿಯದು, ಅದರ ನಂತರ ನಾಮಪದವೋ ‘ಇಂಗ್’ ರೂಪವೋ ಬರಬೇಕು.

ಆ ದಿನ ತರಗತಿ ಮುಗಿದ ಮೇಲೆ ಹುಡುಗ ಕೆಳಗೆ ಪ್ಲಗ್ ಬಿಚ್ಚಿ ಒರೆಸಿ, ಹತ್ತಾರು ಕಿಕ್ ಹೊಡೆದ. ಗಾಡಿ ಗುಡುಗಿತು. “ಐ ಮ್ಯಾನೇಜ್ಡ್ ಸ್ಟಾರ್ಟಿಂಗ್ ಇಟ್, ಸರ್!” ಎಂದು ಕೂಗಿದ. ಕೆಲಸ ಆಗಿಹೋಗಿತ್ತಲ್ಲ, ನನ್ನ ಸೂತ್ರದ ಪ್ರಕಾರ ಅವನು ಹೇಳಿದ್ದೇ ಸರಿ. ಇಂಗ್ಲಿಷಿನ ಪ್ರಕಾರ ‘ಮ್ಯಾನೇಜ್ಡ್ ಟು ಸ್ಟಾರ್ಟ್ ಇಟ್’. ಇನ್ನೂ ಆಗದ ಕೆಲಸವನ್ನೇ ಸೂಚಿಸುವ ‘ಸಜೆಸ್ಟ್’ ಎಂಬುದಕ್ಕೆ ‘ಇಂಗ್’ ಬರುವುದು ಇದರ ಇನ್ನೊಂದು ಮಗ್ಗುಲು. ಮರುದಿನ ಹಲಗೆಯ ಮೂಲೆಯಲ್ಲಿ ಸೂತ್ರಕ್ಕೆ ಒಗ್ಗದ ಪದಗಳನ್ನು ಬರೆದೆ: ಮ್ಯಾನೇಜ್, ಸಜೆಸ್ಟ್, ಅವಾಯ್ಡ್. ಹುಡುಗರು ಪೆನ್ನು ತೆಗೆದರು. ಕೊನೆಗೂ ಅವರಿಗೆ ಪಟ್ಟಿ ಸಿಕ್ಕಿತ್ತು.