ಡ್ಯಾನ್ಯೂಬ್ ದಂಡೆಯಲ್ಲಿ ಸೈಕಲ್, ರಾತ್ರಿಗೆ ಯಾರದೋ ಮನೆ

ಡ್ಯಾನ್ಯೂಬ್ ನದಿ ಪಕ್ಕದಲ್ಲಿ ಸೈಕಲ್ ತುಳಿಯೋದಕ್ಕೆ ಭಾರೀ ಗುಂಡಿಗೆಯೇನೂ ಬೇಡ. ಜರ್ಮನಿಯ ಪಸ್ಸಾವುನಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ ಸುಮಾರು 320 ಕಿ.ಮೀ. ದಾರಿ ಬಹುಪಾಲು ಸಮತಟ್ಟು. ಅದರ ಪುಣ್ಯ ಕುದುರೆಗಳಿಗೆ ಸೇರಬೇಕು. ಉಗಿ ಹಡಗು ಬರುವ ಮೊದಲು ಸರಕಿನ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆಯುತ್ತಿದ್ದದ್ದು ಅವೇ. ಅವು ನಡೆಯಲೆಂದು ಮಾಡಿದ ದಂಡೆಯ ಹಾದಿಯಲ್ಲೇ ಈಗ ಎಷ್ಟೋ ಕಡೆ ಸೈಕಲ್ ಓಡುತ್ತದೆ. ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಜಾಸ್ತಿ ಜನ ಹೊರಡೋದು ಪೂರ್ವಕ್ಕೇ. ನಾನು, ನನ್ನ ಗೆಳೆಯ ಇಬ್ಬರೂ ಹಾಗೇ ಹೊರಟೆವು.

ರಾತ್ರಿಗೆ ಹೋಟೆಲ್ ಬೇಡ ಅಂತ ಮೊದಲೇ ಮಾತಾಗಿತ್ತು. ವಾರ್ಮ್‌ಶವರ್ಸ್ ಅಂತ ಒಂದು ವ್ಯವಸ್ಥೆ 1993ರಿಂದ ಇದೆ. ಸೈಕಲ್ಲಿನಲ್ಲಿ ಊರೂರು ಸುತ್ತುವವರನ್ನು ಅಂಥದೇ ಹುಚ್ಚಿನವರು ಮನೆಗೆ ಕರೆದು ಮಲಗಿಸುತ್ತಾರೆ. ಬಾಡಿಗೆ ಇಲ್ಲ. ನಾಳೆ ನಮ್ಮ ಊರಿಗೆ ಯಾರಾದರೂ ತುಳಿದುಕೊಂಡು ಬಂದರೆ ನಾವೂ ಬಾಗಿಲು ತೆಗೀಬೇಕು, ಅಷ್ಟೇ. ಕೆಲವರು ಕೋಣೆಯನ್ನೇ ಕೊಡುತ್ತಾರೆ, ಕೆಲವರು ಹಿತ್ತಲಲ್ಲಿ ಟೆಂಟ್ ಹಾಕಲು ಜಾಗ. ಮುಂಚೆಯೇ ಬರೆದು ಕೇಳಬೇಕು. ತಡವಾದರೆ ಒಂದು ಮೆಸೇಜ್ ಹಾಕಬೇಕು, ಯಾಕಂದ್ರೆ ಅವರು ಊಟಕ್ಕೆ ಕಾಯುತ್ತಿರುತ್ತಾರೆ.

ಪಸ್ಸಾವುನಲ್ಲಿ ಡ್ಯಾನ್ಯೂಬ್‌ಗೆ ಇನ್ನೆರಡು ನದಿ ಬಂದು ಸೇರುತ್ತವೆ. ಕೊಳೆತ ಗಿಡಗಳ (ಪೀಟ್) ಜೌಗಿನಿಂದ ಬರುವ ಇಲ್ಟ್ಸ್ ಕಪ್ಪು, ಆಲ್ಪ್ಸ್‌ನಿಂದ ಇಳಿಯುವ ಇನ್ ತೆಳು ಹಸಿರು. ಸೇರಿದ ಮೇಲೂ ಸ್ವಲ್ಪ ದೂರ ಬಣ್ಣ ಬೇರೆಬೇರೆಯೇ. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನನಗೆ ನೆನಪಿರೋದು ಮಾತ್ರ ನಾವು ಉಳಿದ ಹಳೆ ಮನೆಯ ಕೆಳಗಿನ ಅಂತಸ್ತು. ಅಲ್ಲಿ ಸ್ವಿಚ್‌ಬೋರ್ಡ್‌ಗಳೆಲ್ಲ ಎದೆಮಟ್ಟಕ್ಕಿಂತ ಮೇಲೆ. ಸಾಮಾನು ಅಂತ ಇದ್ದದ್ದು ಸೈಕಲ್‌ಗಳು ಮಾತ್ರ. 2013ರ ಜೂನ್‌ನಲ್ಲಿ ಇಲ್ಲಿ ನೀರಿನ ಮಟ್ಟ 12.89 ಮೀಟರ್ ಮುಟ್ಟಿತ್ತು. 1501ರ ನಂತರ ಅಷ್ಟು ಬಂದಿರಲಿಲ್ಲ. "ಮತ್ತೆ ಬರುತ್ತೆ, ಸೈಕಲ್ ಆದ್ರೆ ಮೇಲೆ ಹೊತ್ಕೊಂಡು ಹೋಗಬಹುದು" ಅಂದರು ಮನೆಯೊಡತಿ. ಪುರಭವನದ ಗೋಡೆ ಮೇಲೆ ಒಂದೊಂದು ನೆರೆಗೂ ಒಂದೊಂದು ಗೆರೆ ಇದೆ. ಬೆಳಗ್ಗೆ ಹೋಗಿ ನೋಡಿದೆವು. 2013ರದ್ದು ನನ್ನ ತಲೆಗಿಂತ ಎಷ್ಟೋ ಮೇಲಿತ್ತು.

ದಂಡೆಯಲ್ಲಿ ಕಿಲೋಮೀಟರ್ ಫಲಕಗಳಿವೆ. ಇಲ್ಲಿ ಎಣಿಕೆ ಶುರುವಾಗೋದು ಸಮುದ್ರದ ಕಡೆಯಿಂದ, ಹಾಗಾಗಿ ಮುಂದೆ ಹೋದಷ್ಟೂ ಸಂಖ್ಯೆ ಇಳಿಯುತ್ತದೆ. ಪಸ್ಸಾವುನಲ್ಲಿ 2,200 ದಾಟಿರುವುದು ವಿಯೆನ್ನಾ ಮುಟ್ಟುವಾಗ 1,930ರ ಆಸುಪಾಸು. ಸುಸ್ತಾದಾಗ ಈ ಲೆಕ್ಕ ಚೆನ್ನಾಗಿರುತ್ತದೆ.

ಶ್ಲೋಗೆನ್‌ನಲ್ಲಿ ನದಿ ಬಂದ ದಿಕ್ಕಿಗೇ ವಾಪಸ್ ತಿರುಗುತ್ತದೆ. ಲಿಂಟ್ಸ್ ದೊಡ್ಡ ಊರು, ನಾವು ಅಲ್ಲಿ ಸುಮ್ನೆ ಮಲಗಿ ಎದ್ದೆವಷ್ಟೇ. ಆದರೆ ನಮ್ಮನ್ನು ಉಳಿಸಿಕೊಂಡ ಮನೆಯವರು ಮಾತ್ರ ಮಾಟ್‌ಹೌಸನ್ ನೋಡದೆ ಮುಂದೆ ಹೋಗಬೇಡಿ ಎಂದರು. 1938ರಲ್ಲಿ ನಾಜಿಗಳು ಶುರುಮಾಡಿದ ಸೆರೆಶಿಬಿರ ಅದು. ಕಲ್ಲುಗಣಿಯ 186 ಮೆಟ್ಟಿಲುಗಳ ಮೇಲೆ ಕೈದಿಗಳು ಗ್ರಾನೈಟ್ ಹೊತ್ತು ಹತ್ತಬೇಕಿತ್ತು. ನದಿಯಿಂದ ಮೇಲಕ್ಕೆ ಕಡಿದಾದ ಏರು, ಅನೇಕರು ಅದಕ್ಕೇ ಬಿಟ್ಟು ಹೋಗುತ್ತಾರೆ. ಬಿಡಬಾರದು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆಯಲ್ಲಿ ನಾವು ಬೇಕೆಂದೇ ನಿಧಾನ ಮಾಡಿದೆವು. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ. ಸ್ಪಿಟ್ಸ್ ಬಳಿ ಹೊಳೆ ದಾಟಿಸುವ ದೋಣಿಗೆ ಎಂಜಿನ್ ಇಲ್ಲ. ಎರಡೂ ದಡಕ್ಕೆ ಎತ್ತರದಲ್ಲಿ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಅದರ ಮೇಲೆ ಓಡುವ ರಾಟೆಗೆ ದೋಣಿ ಕಟ್ಟಿದೆ. ಅಂಬಿಗ ಚುಕ್ಕಾಣಿ ತಿರುಗಿಸಿ ದೋಣಿಯನ್ನು ಓರೆ ಮಾಡುತ್ತಾನೆ. ಓರೆಯಾದ ಮೈಗೆ ಸೆಳವು ಬಡಿಯುತ್ತದೆ. ಹಗ್ಗ ಅದನ್ನು ಸೆಳವಿನ ಜೊತೆ ಹೋಗಲು ಬಿಡೋದಿಲ್ಲ, ಬೇರೆ ದಾರಿಯಿಲ್ಲದೆ ದೋಣಿ ಪಕ್ಕಕ್ಕೆ ಜಾರುತ್ತದೆ. ಸದ್ದೇ ಇಲ್ಲ. ಕಾರುಗಳನ್ನೂ ಹೀಗೇ ದಾಟಿಸುತ್ತಾರೆ. ನಾವು ಸುಮ್ನೆ ಇನ್ನೊಂದು ಸಲ ಹೋಗಿ ಬಂದೆವು.

ಕ್ರೆಮ್ಸ್‌ನಲ್ಲಿ ಉಳಿದ ಮನೆಯವರು ಅಗ್ನಿಶಾಮಕ ದಳದಲ್ಲಿದ್ದರು. ಆಸ್ಟ್ರಿಯಾದಲ್ಲಿ ಬಹುತೇಕ ಕಡೆ ಇದು ಊರವರೇ ಸಂಬಳವಿಲ್ಲದೆ ಮಾಡುವ ಕೆಲಸ. ನದಿ ಏರುವ ಸುದ್ದಿ ಬಂದರೆ ದಂಡೆ ಮೇಲೆ ಕಂಬ ನಿಲ್ಲಿಸಿ, ನಡುವೆ ಅಲ್ಯುಮಿನಿಯಂ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಗೋಡೆ ಕಟ್ಟುತ್ತಾರಂತೆ. ನೀರು ಇಳಿದ ಮೇಲೆ ಬಿಚ್ಚಿ ಒಳಗಿಡುತ್ತಾರೆ. ಇದನ್ನೆಲ್ಲ ಅವರು ಹೇಳಿದ್ದು ಅಡುಗೆಮನೆಯಲ್ಲಿ, ಕೈ ತುಂಬಾ ಹಿಟ್ಟು ಮೆತ್ತಿಕೊಂಡು. ಏಪ್ರಿಕಾಟ್‌ನ ಬೀಜ ತೆಗೆದು, ಆ ಜಾಗದಲ್ಲಿ ಒಂದು ಸಕ್ಕರೆ ಗಟ್ಟಿ ಇಟ್ಟು, ಹಿಟ್ಟಿನಲ್ಲಿ ಸುತ್ತಿ ನೀರಲ್ಲಿ ಬೇಯಿಸಿದರು. ಆಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದರು. ಒಳಗೆ ಸಕ್ಕರೆ ಕರಗಿ ಹುಳಿಹಣ್ಣಿನ ರಸಕ್ಕೆ ಸೇರಿರುತ್ತದೆ. ಕಚ್ಚುವಾಗ ಹುಷಾರು, ನಾಲಗೆ ಸುಡುತ್ತದೆ.

ಟುಲ್ನ್‌ಗೆ ಮುಂಚೆ ದಂಡೆಯ ಮೇಲೆ ತ್ಸ್ವೆಂಟೆನ್‌ಡಾರ್ಫ್ ಅಣುಸ್ಥಾವರ ಕಾಣುತ್ತದೆ. ಪೂರ್ತಿ ಕಟ್ಟಿ ಮುಗಿಸಿದ್ದಾರೆ, ಒಂದು ದಿನವೂ ನಡೆಸಿಲ್ಲ. 1978ರ ನವೆಂಬರ್‌ನಲ್ಲಿ ಜನಮತ ಕೇಳಿದಾಗ ಬೇಡ ಅಂದವರು ನೂರಕ್ಕೆ ಸುಮಾರು ಐವತ್ತೂವರೆ ಮಾತ್ರ. ಆ ರಾತ್ರಿ ನಮ್ಮನ್ನು ಉಳಿಸಿಕೊಂಡ ವಯಸ್ಸಾದ ದಂಪತಿಯ ಹತ್ತಿರ ಇದನ್ನು ಕೇಳಿದ್ದೇ ತಡ, ಇಬ್ಬರೂ ಚಮಚ ಕೆಳಗಿಟ್ಟರು. ಗಂಡ ಬೇಕು ಅಂತ ಮತ ಹಾಕಿದ್ದರಂತೆ, ಹೆಂಡತಿ ಬೇಡ ಅಂತ. "ಅಷ್ಟು ದುಡ್ಡು ಸುರಿದು ಕಟ್ಟಿದ್ದು!" ಅಂತ ಅವರು. "ಸುರಿಯೋ ಮುಂಚೆ ಕೇಳಬೇಕಿತ್ತು" ಅಂತ ಇವರು. ನಾವು ಸೂಪ್ ಮುಗಿಸಿ, ತಟ್ಟೆ ತೊಳೆದಿಟ್ಟು ಮಲಗಲು ಹೋದಾಗಲೂ ವಾದ ನಡೆದೇ ಇತ್ತು.