ಸೋರ್ಸ್ ಒಂದೇ, ಮೆನು ಬೇರೆ

ರಾಸ್ಪ್‌ಬೆರಿ ಪೈ 5 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಅಂತ ಲ್ಯಾಪ್‌ಟಾಪಿನಲ್ಲೇ ಲಿನಕ್ಸ್ ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬಿಲ್ಡ್ ಮಾಡುತ್ತಿದ್ದೇನೆ. ಸೋರ್ಸ್ ಅದೇ. ಆದರೆ ಆರ್ಚ್ (ಪ್ರೊಸೆಸರ್ ಜಾತಿ, ಅಂದ್ರೆ ಆರ್ಕಿಟೆಕ್ಚರ್) ಅನ್ನೋ ಕಡೆ ಲ್ಯಾಪ್‌ಟಾಪಿನ ಎಕ್ಸ್86 ಬದಲು ಪೈನ ಆರ್ಮ್64 ಕೊಟ್ಟು, ಕರ್ನಲ್‌ನಲ್ಲಿ ಏನೇನಿರಬೇಕು ಅಂತ ಆರಿಸೋ ಮೆನುಕಾನ್‌ಫಿಗ್ ತೆರೆದರೆ ಇಂಟೆಲ್, ಎಎಂಡಿಯ ಎಕ್ಸ್86 ಪ್ರೊಸೆಸರ್ ಆಯ್ಕೆಗಳು ಮಾಯ. ಬ್ರಾಡ್‌ಕಾಮ್, ರಾಕ್‌ಚಿಪ್, ಕ್ವಾಲ್‌ಕಾಮ್ ಅಂತ ಚಿಪ್ ಕಂಪನಿಗಳ ಉದ್ದ ಪಟ್ಟಿ ಬರುತ್ತೆ. ಪ್ರತಿ ಆರ್ಕಿಟೆಕ್ಚರ್‌ಗೂ ಈ ಆಯ್ಕೆಗಳನ್ನು ಬರೆದಿಟ್ಟ ತನ್ನದೇ ಕೆಕಾನ್‌ಫಿಗ್ ಫೈಲ್ ಇದೆ, ಅದರದೇ ಕರಾಮತ್ತು. (ಬೇರೆ ಜಾತಿಯ ಪ್ರೊಸೆಸರ್‌ಗೆ ಕೋಡ್ ತಯಾರಿಸೋ ಕ್ರಾಸ್ ಕಂಪೈಲರ್ ಹೆಸರು ಕೊಡುವಾಗ ಕೊನೆಯಲ್ಲಿರೋ ಅಡ್ಡಗೀಟು ಬಿಡಬೇಡಿ!)

ನನಗೆ ಜಾಸ್ತಿ ಹಿಡಿಸಿದ್ದು ಪೇಜ್ ಸೈಜ್, ಅಂದ್ರೆ ಕರ್ನಲ್ ಮೆಮೊರಿಯನ್ನು ಹಂಚೋ ತುಂಡಿನ ಅಳತೆ. ಎಕ್ಸ್86ರಲ್ಲಿ ಮೂಲ ಪೇಜ್ 4 ಕೆಬಿ, ಆಯ್ಕೆಯ ಮಾತೇ ಇಲ್ಲ. ಆರ್ಮ್64ರಲ್ಲಿ 4, 16, 64 ಅಂತ ಮೂರಿವೆ. ಪೈ 5ರ ಡೀಫಾಲ್ಟ್ 16. ಪೇಜ್ ದೊಡ್ಡದಾದರೆ ಟಿಎಲ್‌ಬಿಗೆ (ಯಾವ ಪೇಜ್ ಮೆಮೊರಿಯಲ್ಲಿ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳೋ ಪ್ರೊಸೆಸರ್‌ನ ಪುಟ್ಟ ಪಟ್ಟಿ) ಕೆಲಸ ಕಡಿಮೆ, ವೇಗ ಸ್ವಲ್ಪ ಹೆಚ್ಚು. ಆದರೆ ಒಂದೇ ಸಾಲಿನ ಫೈಲಿಗೂ ಪೇಜ್ ಕ್ಯಾಶ್‌ನಲ್ಲಿ (ಓದಿದ ಫೈಲುಗಳನ್ನು ಇಟ್ಟುಕೊಳ್ಳೋ ಮೆಮೊರಿಯಲ್ಲಿ) ಇಡೀ 16 ಕೆಬಿ ಹೋಗುತ್ತೆ. ಪೇಜ್ ಅಂದ್ರೆ 4 ಕೆಬಿನೇ ಅಂತ ನಂಬಿ ಕಟ್ಟಿದ ಕೆಲವು ಹಳೇ ಪ್ರೋಗ್ರಾಂಗಳು ಶುರುವಾಗೋದೇ ಇಲ್ಲ. ಸುಮ್ನೆ ಯಾಕೆ ತಲೆನೋವು ಅಂತ ನಾನು 4ಕ್ಕೇ ಇಳಿಸಿದೆ.

1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ತಾನು ಬರೆದ ಲಿನಕ್ಸನ್ನು ಮೊದಲು ಪ್ರಕಟಿಸಿದಾಗ, ಇದು ಇಂಟೆಲ್‌ನ 386 ಪ್ರೊಸೆಸರ್‌ಗೇ ಅಂಟಿಕೊಂಡಿದೆ, ಬೇರೆ ಕಡೆ ಒಯ್ಯೋಕೆ ಆಗಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದರು. ಆಮೇಲೆ 3.8ನೇ ಆವೃತ್ತಿಯಲ್ಲಿ ಆ 386 ಬೆಂಬಲವನ್ನೇ ಕಿತ್ತುಹಾಕಿದರು! 6.7ರಲ್ಲಿ ಇಂಟೆಲ್‌ನ ಇನ್ನೊಂದು ಪ್ರೊಸೆಸರ್ ಜಾತಿ ಇಟೇನಿಯಂ ಕೂಡ ಹೋಯ್ತು. ರಿಸ್ಕ್-ಫೈವ್ ಅನ್ನೋ ಹೊಸ ಆರ್ಕಿಟೆಕ್ಚರ್ ಮಾತ್ರ 4.15ರಲ್ಲೇ ಬಂದು ಜಾಗ ಹಿಡಿದಿದೆ.